ಎಡ ಚಕ್ರದ ಜಂಗು

ಆಸ್ಪರಿಯಲ್ಲಿ ನಾದಿನಿಯ ಸೀಮಂತ. ನನ್ನ ಗಂಡನಿಗೆ ಹತ್ತಿ ಮಾರ್ಕೆಟ್ಟು ಬಿಟ್ಟು ಬರಲಾಗಲಿಲ್ಲ. ಅತ್ತೆಯನ್ನು ಕಾರಿನಲ್ಲಿ ನಾನೇ ಕರೆದುಕೊಂಡು ಹೊರಟೆ. ಹಿಂದಿನ ವಾರವಷ್ಟೇ ಆದೋನಿಯ ಒಂದು ಶೆಡ್ಡಿನಲ್ಲಿ ಮುಂದಿನ ಎರಡೂ ಚಕ್ರಗಳಿಗೆ ಹೊಸ ಬ್ರೇಕ್ ಡಿಸ್ಕು ಹಾಕಿಸಿದ್ದೆವು. ಅಂದು ಹಿಡಿದ ಮಳೆ ಬಿಟ್ಟಿರಲಿಲ್ಲ. ಗಾಡಿ ಮನೆ ಮುಂದೆ ನೆನೆಯುತ್ತಲೇ ನಿಂತಿತ್ತು.

ಸೀರೆ, ಬಳೆ, ಹೋಳಿಗೆಯ ಡಬ್ಬಿ ಹಿಂದಿನ ಸೀಟಿನಲ್ಲಿಟ್ಟ ಅತ್ತೆ ಮುಂದಿನ ಎಡ ಚಕ್ರದ ಹತ್ತಿರ ನಿಂತುಬಿಟ್ಟರು.

"ಹೊಸಾದು ಹಾಕಿಸೀವಿ ಅಂದ್ಯಲ್ಲ. ಇದೇನವಾ ಇಷ್ಟು ಜಂಗು ಹಿಡದೈತಿ?"

ಬಗ್ಗಿ ನೋಡಿದೆ. ಚಕ್ರದ ಕಡ್ಡಿಗಳ ನಡುವೆ ಡಿಸ್ಕು ತುಕ್ಕು ಹಿಡಿದು ಪೂರಾ ಕೆಂಪಗಾಗಿತ್ತು. ಬಲಗಡೆಯೂ ಹಾಗೇ. ಬೆರಳಾಡಿಸಿದರೆ ಪುಡಿ ಅಂಟಿತು. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

"ಏಂ ಕಾದಕ್ಕಾ, ಏನೂ ಆಗಂಗಿಲ್ಲ," ಎಂದು ನಕ್ಕ. "ಬೀಡು ಕಬ್ಬಿಣ ಅದು. ಮಳಿ ನೀರು ಬಿದ್ರ ಮ್ಯಾಲೆ ಜಂಗು ಬರತೈತಿ. ಮೆಲ್ಲಗ ಹೋಗಿ ನಾಕು ಸಲ ಬ್ರೇಕ್ ಹಾಕ್ರಿ, ತಾನೇ ಉಜ್ಜಿ ಹೋಗತೈತಿ."

ಊರು ದಾಟುವವರೆಗೆ ಬ್ರೇಕ್ ಒತ್ತಿದಾಗಲೆಲ್ಲ ಕಲ್ಲಿನ ಮೇಲೆ ಕುಡುಗೋಲು ಎಳೆದಂಥ ಸದ್ದು. ಆಮೇಲೆ ಸದ್ದು ಕಡಿಮೆಯಾಗಿ ನಿಂತೇಹೋಯಿತು. ಅವನು ಹೇಳಿದ್ದು ಖರೇ ಅನ್ನಿಸಿ ಸ್ವಲ್ಪ ಜೋರಾಗಿ ಬಿಟ್ಟೆ. ಮಳೆ ನಿಂತಿದ್ದರೂ ಮೋಡ ಹೊಲಗಳ ಮೇಲೆ ಒರಗಿಕೊಂಡೇ ಇತ್ತು. ಕಪ್ಪು ನೆಲದಲ್ಲಿ ಒಬ್ಬ ಮನುಷ್ಯನೂ ಕಾಣಲಿಲ್ಲ.

ಒಂದು ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಬ್ರೇಕ್ ಒತ್ತಿದೆ. ಯಾರೋ ಸ್ಟೇರಿಂಗು ಹಿಡಿದು ಜಗ್ಗಿದಂತೆ ಗಾಡಿ ಬಲಕ್ಕೆ ವಾಲಿತು. ಎದುರಿನಿಂದ ಬಂದ ಲಾರಿ ಹಾರನ್ ಒತ್ತಿಕೊಂಡೇ ಪಕ್ಕದಲ್ಲಿ ಸರಿದುಹೋಯಿತು. ಅದರ ಗಾಳಿಗೆ ನಮ್ಮ ಕಿಟಕಿ ಗಾಜು ನಡುಗಿತು.

"ಯಾಕ, ನಿದ್ದಿ ಬಂತೇನು?" ಅತ್ತೆ ಕೇಳಿದರು.

"ರಸ್ತೆ ಹಸಿ ಐತಲ್ರಿ," ಅಂದೆ. ನನಗೇ ನಂಬಿಕೆ ಇರಲಿಲ್ಲ. ಮುಂದೆ ರಸ್ತೆ ಖಾಲಿ ಇದ್ದಾಗ ಬೇಕೆಂದೇ ಒತ್ತಿ ನೋಡಿದೆ. ಮತ್ತೆ ಬಲಕ್ಕೇ ಎಳೆಯಿತು.

ದಿಬ್ಬದ ಮೇಲೊಂದು ಚಹಾದಂಗಡಿ ಮುಚ್ಚಿತ್ತು. ಅಲ್ಲಿ ನಿಲ್ಲಿಸಿ ಇಳಿದೆ. ಬಲಗಡೆಯ ಡಿಸ್ಕು ಬೆಳಗಿದ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಎಡಗಡೆಗೆ ಹೋದೆ. ಮನೆ ಮುಂದೆ ಕಂಡ ಕೆಂಪು ಅಲ್ಲಿ ಹಾಗೇ ಕೂತಿತ್ತು. ಒಂದು ಗೆರೆಯೂ ಅಳಿಸಿರಲಿಲ್ಲ. ಅಷ್ಟು ದೂರ ಆ ಚಕ್ರಕ್ಕೆ ಬ್ರೇಕೇ ಹಿಡಿದಿರಲಿಲ್ಲ.

ಫೋನಿನಲ್ಲಿ ಹೇಳಿದಾಗ ಮೆಕ್ಯಾನಿಕ್ ಈ ಸಲ ನಗಲಿಲ್ಲ.

"ಅಕ್ಕಾ, ಎಲ್ಲಿದ್ದೀರಿ?"

"ರೈಲ್ವೆ ಗೇಟಿಗೆ ಇಳಿಯೋ ದಿಬ್ಬದ ಮ್ಯಾಲೆ."

"ಗಾಡಿ ತಗೀಬ್ಯಾಡ್ರಿ. ಕೈಮುಗೀತೀನಿ, ಅಲ್ಲೇ ಇರ್ರಿ."

ಆಗ ಕೆಳಗೆ ನೋಡಿದೆ. ರಸ್ತೆ ನೇರ ಇಳಿದು ಹಳಿಗೆ ಮುಟ್ಟುತ್ತಿತ್ತು. ಗೇಟು ಹಾಕಿತ್ತು. ಅದರ ಮುಂದೆ ಜನ ತುಂಬಿದ ಟ್ರ್ಯಾಕ್ಟರ್ ನಿಂತಿತ್ತು. ಕೂಲಿಗೆ ಹೊರಟ ಹೆಂಗಸರು ಟ್ರಾಲಿಯ ಹಿಂಬದಿಗೆ ಕಾಲು ಇಳಿಬಿಟ್ಟು ಕೂತಿದ್ದರು. ನಾವು ನೋಡುತ್ತಿದ್ದಂತೆ ಗೂಡ್ಸ್ ರೈಲು ಬಂತು. ಅದು ಮುಗಿಯುವಂತೆಯೇ ಕಾಣಲಿಲ್ಲ. ಅತ್ತೆಯೂ ಇಳಿದು ಬಂದು ನನ್ನ ಮುಂಗೈ ಹಿಡಿದಿದ್ದರು.

ಮೆಕ್ಯಾನಿಕ್ ಬೈಕಿನಲ್ಲಿ ಬಂದು ಚಕ್ರ ಬಿಚ್ಚಿದ. ಡಿಸ್ಕನ್ನು ಒತ್ತಿ ಹಿಡಿಯುವ ಹಳೇ ಕ್ಯಾಲಿಪರ್ ಜಾಮ್ ಆಗಿ ಅಲುಗದೆ ನಿಂತಿತ್ತು. "ಅವತ್ತು ಸರಿ ಆಡತಿತ್ತಕ್ಕಾ," ಎಂದ, ಮುಖ ಎತ್ತದೆ. ತಂದಿದ್ದ ಬೇರೊಂದನ್ನು ಕೂಡಿಸಿ, ಬ್ರೇಕ್ ಎಣ್ಣೆ ಹಾಕಿ, ನನ್ನನ್ನು ಸೀಟಿನಲ್ಲಿ ಕೂರಿಸಿದ. "ಒತ್ರಿ. ಬಿಡ್ರಿ. ಒತ್ರಿ." ಕೊನೆಗೆ ಬ್ರೇಕು ಕಾಲಿನ ಕೆಳಗೆ ಗಟ್ಟಿಯಾಯಿತು. ಅವನೇ ಓಡಿಸಿ ನೋಡಿ, ಎರಡೂ ಡಿಸ್ಕು ಹೊಳೆಯುವುದನ್ನು ತೋರಿಸಿದ ಮೇಲೂ ಅತ್ತೆ ಹತ್ತಲಿಲ್ಲ. ಆಸ್ಪರಿ ಬಸ್ಸಿಗೆ ಕೈ ಮಾಡಿ, ಹೋಳಿಗೆ ಡಬ್ಬಿ ಬಗಲಲ್ಲಿಟ್ಟುಕೊಂಡು ಹೊರಟೇಬಿಟ್ಟರು.

ನಾನು ಆ ಬಸ್ಸಿನ ಹಿಂದೆ ಒಬ್ಬಳೇ ದಿಬ್ಬ ಇಳಿದೆ. ಆಸ್ಪರಿ ಮುಟ್ಟಿದಾಗ ಆರತಿ ಮುಗಿದಿತ್ತು. ನಾದಿನಿ ಎರಡೂ ಕೈ ತುಂಬ ಹಸಿರು ಬಳೆ ಹಾಕಿಕೊಂಡು ಬಾಗಿಲಿಗೆ ಬಂದು, "ಇಬ್ಬರೂ ಬ್ಯಾರೆ ಬ್ಯಾರೆ ಯಾಕ ಬಂದ್ರಿ? ಜಗಳಾಡಿದ್ರೇನು?" ಎಂದು ನಕ್ಕಳು.

ಅತ್ತೆ ನನ್ನನ್ನು ನೋಡಿದರು. ಬಸುರಿ ಹೆಣ್ಣಿನ ಮುಂದೆ ಏನು ಹೇಳುವುದು?

"ಹೂಂ," ಅಂದೆ, "ಜಗಳಾಡಿದ್ವಿ."