ಹಕ್ಕಿಗೆ ಲೆಕ್ಕ ಬರುವುದಿಲ್ಲ

ಸ್ಟುಡಿಯೋದ ಗೋಡೆ ತುಂಬ ಹಕ್ಕಿಗಳೇ. ಕೊಕ್ಕರೆ, ಗೀಜಗ, ಮರಕುಟಿಗ, ಒಂದು ಮೂಲೆಯಲ್ಲಿ ಬಂಡೆಯ ಮೇಲೆ ಬಿಸಿಲು ಕಾಯಿಸುವ ಉಡ. ನಟ್ಟನಡುವೆ ಮಾತ್ರ ಒಬ್ಬ ಮನುಷ್ಯ. ಅದೂ ಮಸುಕು ಮಸುಕು, ಕಂಕುಳಲ್ಲಿ ಕೊಡೆ, ಕತ್ತು ತಿರುಗಿಸಿ ಹಿಂದೆ ನೋಡುತ್ತಿದ್ದಾನೆ. ಇಷ್ಟು ಚೆಂದದ ಚಿತ್ರಗಳ ನಡುವೆ ಈ ಕೆಟ್ಟದ್ದನ್ನು ಯಾಕೆ ತಗುಲಿಹಾಕಿದ್ದೀರಿ ಎಂದು ಪಾಸ್‌ಪೋರ್ಟ್ ಫೋಟೋಕ್ಕೆ ಬಂದವರೆಲ್ಲ ಕೇಳುತ್ತಾರೆ. ಕೇಳುವವರಿಗೇನು, ಬಾಯಿಗೆ ಬಂದದ್ದು ಕೇಳುತ್ತಾರೆ.

ಆ ಮನುಷ್ಯ ಸ್ಟುಡಿಯೋದ ಮಾಲೀಕರೇ. ಬೀದಿಗೆಲ್ಲ ಅವರು ಅಲ್ಲಾಡಬೇಡಿ ಮಾವ. ಕ್ಯಾಮೆರಾದ ಹಿಂದೆ ನಿಂತರೆ ಸಾಕು, ಹಸುಗೂಸಿರಲಿ, ಪೊಲೀಸಿನವರಿರಲಿ, 'ಅಲ್ಲಾಡಬೇಡಿ' ಎಂದು ಒಂದೇ ಗದರು. ಅವರ ಹೆಂಡತಿ ಎಲ್ಲರಿಗೂ ಅತ್ತೆ. ಡಾರ್ಕ್‌ರೂಮಿನಲ್ಲಿ ಪ್ರಿಂಟು ತೊಳೆಯುವುದು, ಒಣಹಾಕುವುದು, ಅಂಚು ಕತ್ತರಿಸುವುದು ಅತ್ತೆಯ ಪಾಲು.

ರೋಲು ಹಾಕಿ ಫೋಟೋ ತೆಗೆಯುತ್ತಿದ್ದ ಕಾಲ ಅದು. ಭಾನುವಾರ ಬಂತೆಂದರೆ ಇಬ್ಬರೂ ಊರಾಚೆಯ ಕೆರೆಗೆ. ಗ್ರಾಹಕರ ಬೆನ್ನ ಹಿಂದೆ ಕಟ್ಟುತ್ತಿದ್ದ ಹಳೇ ಪರದೆಯನ್ನೇ ಒಳಮೈ ಹೊರಗೆ ಮಾಡಿ ಹಕ್ಕಿಗೆ ಕಾಣದಂತೆ ಅವಿತು ಕೂರಲು ಮಾವ ಒಂದು ಗೂಡಾರ ಹೊಲಿದಿದ್ದರು. ಹೊರಗಿಂದ ಮಣ್ಣಿನ ಬಣ್ಣ. ಒಳಗೆ ಕೂತರೆ ಅರಮನೆ ಮೆಟ್ಟಿಲು, ಗುಲಾಬಿ ಕುಂಡ, ಎರಡು ಹಂಸ. ಅರಮನೆಯಲ್ಲಿ ಕೂತು ಸೊಳ್ಳೆ ಕಚ್ಚಿಸಿಕೊಳ್ಳುವ ಭಾಗ್ಯ ಯಾರಿಗುಂಟು ಎಂದು ಅತ್ತೆ ನಗಾಡುತ್ತಿದ್ದರು.

ಆದರೆ ಅತ್ತೆ ಅಲ್ಲಿ ಕೂರುತ್ತಿದ್ದದ್ದು ಐದೇ ನಿಮಿಷ. ಮನುಷ್ಯರು ಗೂಡಾರ ಹೊಕ್ಕದ್ದನ್ನು ಹಕ್ಕಿ ಕೊಂಬೆಯಿಂದ ನೋಡಿರುತ್ತದೆ. ಅವರು ಎದ್ದು ಹೋಗುವ ತನಕ ಹತ್ತಿರ ಸುಳಿಯುವುದಿಲ್ಲ. ಹಕ್ಕಿಗೆ ಲೆಕ್ಕ ಬರುವುದಿಲ್ಲ ಎಂಬುದು ಮಾವ ಕಂಡುಕೊಂಡ ಗುಟ್ಟು. ಇಬ್ಬರು ಒಳಗೆ ಹೋಗಿ ಒಬ್ಬರು ಹೊರಟರೂ ಸಾಕು, ಎಲ್ಲರೂ ಹೋದರು ಅಂದುಕೊಂಡು ಅದು ನಿರಾಳವಾಗಿ ಬರುತ್ತದೆ. ಹಾಗೆ ಹೊರಡುವ ಕೆಲಸ ಅತ್ತೆಯದು. ದಂಡೆಯುದ್ದಕ್ಕೂ ನಡೆದು, ತಿರುವು ದಾಟಿ, ಮರದಡಿ ಎರಡು ತಾಸು ಕಾಯಬೇಕು. ಮಾವನ ಕಟ್ಟಪ್ಪಣೆ ಒಂದೇ: ಹೋಗುವಾಗ ತಿರುಗಿ ನೋಡಕೂಡದು, ನೋಡಿದರೆ ಹಕ್ಕಿಗೆ ಅನುಮಾನ ಬರುತ್ತದೆ. ಇಪ್ಪತ್ತಮೂರು ವರ್ಷ ಅತ್ತೆ ಹಾಗೆಯೇ ಹೋದರು, ಒಂದು ಸಲವೂ ತಿರುಗಲಿಲ್ಲ.

ಇಷ್ಟಾದರೂ ಮಾವನಿಗೆ ದಕ್ಕದೆ ಉಳಿದ ಚಿತ್ರ ಒಂದಿತ್ತು. ದಂಡೆಯ ಮಣ್ಣಿನಲ್ಲಿ ಬಿಲ ಕೊರೆದು ಮರಿ ಮಾಡುವ ಮಿಂಚುಳ್ಳಿ ಮೀನು ತಂದು, ಬಿಲದ ಬಾಯಲ್ಲಿ ಮರಿಗೆ ಕೊಡುವ ಗಳಿಗೆ. ಒಂದು ವರ್ಷ ಮೋಡ. ಇನ್ನೊಂದು ವರ್ಷ ಲೆನ್ಸಿನ ಮುಚ್ಚಳವನ್ನೇ ತೆಗೆದಿರಲಿಲ್ಲ. ಮತ್ತೊಂದು ವರ್ಷವಂತೂ ಹಕ್ಕಿ ಮೀನು ಕಚ್ಚಿಕೊಂಡು ಎದುರಿಗೇ ಕೂತಿತ್ತು. ಮಾವ ರೂಢಿಬಲದಿಂದ ಗಟ್ಟಿಯಾಗಿ 'ಅಲ್ಲಾಡಬೇಡಿ' ಅಂದುಬಿಟ್ಟರು. ಮೀನು ಕೆಳಗೆ, ಹಕ್ಕಿ ಆಚೆ ದಡಕ್ಕೆ. ಅತ್ತೆ ಅದನ್ನು ಹೇಳಿಕೊಂಡು ಒಂದು ವಾರ ನಕ್ಕರು.

ಆಮೇಲೆ ದಂಡೆಗೆ ಕಲ್ಲು ಕಟ್ಟುವ ಸುದ್ದಿ ಬಂತು. ಮಾವ ಮೇಸ್ತ್ರಿಯ ಕೈಕಾಲು ಹಿಡಿದು, ಮರಿ ಹಾರುವವರೆಗೆ ತಡೆಯಲು ಒಪ್ಪಿಸಿದರು. ಮರಿಗಳು ಆಗಲೇ ಬಿಲದ ಬಾಯಿಗೆ ಬರುತ್ತಿದ್ದವು. ಇನ್ನೊಂದೆರಡು ದಿನ, ಅಷ್ಟೇ. ಈ ಸಲ ತಪ್ಪಿದರೆ ಆ ಚಿತ್ರ ಜನ್ಮದಲ್ಲಿ ಇಲ್ಲ.

ಕೊನೆಯ ಭಾನುವಾರ ಹೊರಡುವ ಗಡಿಬಿಡಿಯಲ್ಲಿ ಹೊಸ ರೋಲು ಮೇಜಿನ ಮೇಲೆಯೇ ಉಳಿಯಿತು. ಕ್ಯಾಮೆರಾದಲ್ಲಿದ್ದದ್ದು ಒಂದೇ ಒಂದು ಚಿತ್ರಕ್ಕಾಗುವಷ್ಟು ಫಿಲ್ಮು. ಅದು ಸಾಲದೆಂಬಂತೆ ಗೂಡಾರದೊಳಗೆ ಕೂತ ಅತ್ತೆಯ ಮಂಡಿ ಹಿಡಿದುಕೊಂಡಿತು. ಎದ್ದು ನಡೆಯುವ ಮಾತೇ ಇಲ್ಲ.

"ನೀವು ಹೋಗಿ. ನಾನು ಒತ್ತುತ್ತೀನಿ," ಅಂದರು ಅತ್ತೆ.

ಬೇರೆ ದಾರಿಯೇ ಇರಲಿಲ್ಲ. ಮಾವ ಬಿಲದ ಬಾಯಿಗೆ ಫೋಕಸ್ ಹೊಂದಿಸಿ, ಇರುವುದು ಒಂದೇ ಎಂದು ಮೂರು ಸಲ ಹೇಳಿ, ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟರು. ಹತ್ತು ಹೆಜ್ಜೆ ಸರಿಯಾಗಿ ಇಟ್ಟರು. ಆಮೇಲೆ ನೋವಿನ ಕಾಲು ಚಾಚಿಕೊಂಡು ಅವಳೊಬ್ಬಳೇ ಅಲ್ಲಿ ಕೂತಿದ್ದಾಳಲ್ಲ ಅನ್ನಿಸಿತು. ಕತ್ತು ತಾನಾಗಿ ತಿರುಗಿತು. ತಿರುಗಿದ್ದೇ ತಡ, ಅಯ್ಯೋ ಕೆಲಸ ಕೆಟ್ಟಿತು ಎಂದು ಬೈದುಕೊಂಡು ಬಿರಬಿರನೆ ನಡೆದರು.

ಎರಡು ತಾಸು ಬಿಟ್ಟು ಹಿಂತಿರುಗಿದಾಗ ಅತ್ತೆಯ ಮುಖ ಅರಳಿತ್ತು. ಹಕ್ಕಿ ಬಂತು, ಮೀನು ತಂತು, ಮರಿ ತಲೆ ಹೊರಗೆ ಹಾಕಿ ಕಿತ್ತುಕೊಂಡಿತು ಎಂದು ಒಂದೇ ಉಸಿರಿಗೆ ಹೇಳಿದರು. ಮಾವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅತ್ತೆಯನ್ನು ಸೈಕಲ್ಲಿನ ಹಿಂದೆ ಕೂರಿಸಿ ತಳ್ಳಿಕೊಂಡು ಬಂದು, ಊಟವನ್ನೂ ಮಾಡದೆ ಡಾರ್ಕ್‌ರೂಮು ಸೇರಿದರು.

ಕೆಂಪು ದೀಪದಡಿ, ಟ್ರೇಯ ಔಷಧಿ ನೀರಿನಲ್ಲಿ ಕಾಗದದ ಮೇಲೆ ಮೊದಲು ಮೂಡಿದ್ದು ಕೊಡೆ. ಆಮೇಲೆ ಮಸುಕಾದ ಒಂದು ಮುಖ. ಅವರದೇ.

"ಹಕ್ಕಿ ಎಲ್ಲಿ?"

"ಅದು ಆಮೇಲೆ ಬಂತು. ನೀವು ತಿರುಗಿ ನೋಡಿದ್ರಿ, ನನ್ನ ಕೈ ತಡೀಲಿಲ್ಲ, ಕ್ಯಾಮೆರಾ ನಿಮ್ಮ ಕಡೆ ತಿರುಗಿಸಿ ಒತ್ತಿಬಿಟ್ಟೆ," ಅಂದರು ಬಾಗಿಲಿಗೊರಗಿ ನಿಂತಿದ್ದ ಅತ್ತೆ.

ಕೂಗಾಡಬೇಕೆಂದು ಮಾವ ಬಾಯಿ ತೆರೆದರು. ಅಷ್ಟರಲ್ಲಿ ಇನ್ನೊಂದು ವಿಷಯ ತಲೆಗೆ ಹೊಳೆಯಿತು.

"ನಾನು ತಿರುಗಿ ನೋಡಿದ್ಮೇಲೂ ಬಂತಾ?"

"ಬಂತಲ್ಲ. ಅದಕ್ಕೇನು ಗೊತ್ತು ನಿಮ್ಮ ಕಾನೂನು."

ಇಪ್ಪತ್ತಮೂರು ವರ್ಷದ ಭಾನುವಾರಗಳಲ್ಲಿ ದಂಡೆಯ ಮೇಲೆ ದೂರವಾಗುತ್ತಿದ್ದ ಅತ್ತೆಯ ಬೆನ್ನು ಮಾವನ ಕಣ್ಣಮುಂದೆ ಬಂತು. ಆ ಬೆನ್ನನ್ನೂ ಅವರು ಸರಿಯಾಗಿ ನೋಡಿರಲಿಲ್ಲ. ಕಣ್ಣೆಲ್ಲ ಬಿಲದ ಮೇಲೆ.

"ನಿನಗೂ ತಿರುಗಬೇಕು ಅನ್ನಿಸ್ತಿತ್ತೇನೇ?"

"ಪ್ರತಿ ಸಲ," ಅಂದರು ಅತ್ತೆ. "ನಿಮ್ಮ ಹಕ್ಕಿ ಹಾರಿಹೋದೀತು ಅಂತ ಕತ್ತು ಬಿಗಿಹಿಡ್ಕೊಂಡು ಹೋಗ್ತಿದ್ದೆ."

ಮಾವ ಪ್ರಿಂಟನ್ನು ಮೇಲೆತ್ತಿದರು. ನೀರು ತೊಟ್ಟಿಕ್ಕುತ್ತಿತ್ತು, ಹಿಡಿದ ಕೈ ಗಡಗಡ ನಡುಗುತ್ತಿತ್ತು. ಅತ್ತೆ ಕುಂಟುತ್ತ ಬಂದು ಆ ಕೈಯನ್ನು ಹಿಡಿದುಕೊಂಡರು.

"ಅಲ್ಲಾಡಬೇಡಿ," ಅಂದರು.