ಕಾರ್ಕಳಕ್ಕೆ ಹೋಗಿ ಹೊಲಿಸಿದ ರವಕೆ

ಆಗ ನನಗೆ ನಲವತ್ತೆಂಟು. ಕಾರ್ಕಳಕ್ಕೆ ಹೋಗಿ ಬಂದು ನಲವತ್ತು ವರ್ಷವಾಯಿತು. ಕಾಪುವಿನಿಂದ ಮೀನು ಹೊತ್ತು ಮಣಿಪಾಲದಲ್ಲಿ ಮನೆ ಮನೆಗೆ ಮಾರುತ್ತಿದ್ದೆ. ಆ ದಿನ ಬುಟ್ಟಿ ಖಾಲಿಯಾದ ಮೇಲೆ ಮನೆಗೆ ತಿರುಗದೆ ಕಾರ್ಕಳದ ಬಸ್ಸು ಹತ್ತಿದೆ. ತಂಗಿ ಗಿರಿಜ ಕಳಿಸಿದ್ದಳು. ಅವಳ ಮಗಳು ಸರಸು, ಲಿಲ್ಲಿ ಎಂಬ ಕ್ರಿಶ್ಚಿಯನ್ ಹುಡುಗಿಯ ಜೊತೆ ಕಾರ್ಕಳದಲ್ಲಿ ಟೈಲರ್ ಅಂಗಡಿ ಇಟ್ಟಿದ್ದಳು. ಇಬ್ಬರೂ ಗಂಡ ಹೆಂಡತಿಯ ಹಾಗೆ ಇದ್ದಾರೆ ಎಂದು ಊರೆಲ್ಲ ಸುದ್ದಿ. ಹೆಜಮಾಡಿಯಲ್ಲಿ ಹೆಂಡತಿ ಸತ್ತ ಒಬ್ಬನನ್ನು ಗಿರಿಜ ಸರಸುವಿಗೆ ನೋಡಿ ಇಟ್ಟಿದ್ದಳು. ಹುಡುಗಿಯನ್ನು ಕರೆದುಕೊಂಡೇ ಬಾ ಎಂದಿದ್ದಳು.

ಉಡುಪಿಯಿಂದ ತುಂಬಿಕೊಂಡು ಬಂದ ಬಸ್ಸು. ಟಿಕೆಟ್ ಮೂರು ರೂಪಾಯಿ. ಕಂಡಕ್ಟರ್ ಬುಟ್ಟಿಯನ್ನು ಟಾಪಿಗೆ ಹಾಕಿಸಿದ. ವಾಸನೆ ನನ್ನ ಜೊತೆ ಒಳಗೇ ಬಂತು, ಪಕ್ಕದವರು ಮೂಗು ಮುಚ್ಚಿಕೊಂಡರು. ಹಿರಿಯಡ್ಕದವರೆಗೆ ಕಂಬಿ ಹಿಡಿದು ನಿಂತೆ. ಕೈ ಎತ್ತಿದ್ದಕ್ಕೆ ರವಕೆಯ ಕಂಕುಳು ಪರ್ರೆಂದಿತು. ಹೊಸತೇನಲ್ಲ. ಬುಟ್ಟಿ ಹೊರುವ ನಮ್ಮೆಲ್ಲರ ರವಕೆಯೂ ಅಲ್ಲೇ ಹರಿಯುವುದು.

ಕಾರ್ಕಳದಲ್ಲಿ ಬೇಸಗೆಯ ಬಿಸಿಲಿಗೆ ಬಂಡೆ ಕಾದಿತ್ತು. ಅಂಗಡಿ ಒಂದು ಕೋಣೆ, ಹಿಂದೆ ಅಡಿಗೆಯ ಜಾಗ, ಒಂದು ಮಂಚ. ಎರಡು ಮೆಷಿನ್, ಎರಡೂ ಸುಮ್ಮನಿದ್ದವು. ಸುದ್ದಿ ಹರಡಿದ ಮೇಲೆ ಪೇಟೆಯ ಹೆಂಗಸರು ಬರುವುದು ಬಿಟ್ಟಿದ್ದರಂತೆ. ಮಳೆಗಾಲದ ಒಳಗೆ ಕೆಲಸ ಬಾರದಿದ್ದರೆ ಬಾಗಿಲು ಹಾಕುವುದೇ ಎಂದು ಲಿಲ್ಲಿ ಮುಚ್ಚುಮರೆ ಇಲ್ಲದೆ ಹೇಳಿದಳು. ನನ್ನ ಕೆಲಸ ಸುಲಭವಾಯಿತು ಎಂದುಕೊಂಡೆ.

ಗಂಜಿ, ಒಣಸಿಗಡಿ ಚಟ್ನಿ ಕೊಟ್ಟರು. ಉಂಡು ಕೇಳಿದೆ, "ಸರಸು, ಇವಳು ನಿನಗೆ ಎಂತ ಆಗ್ಬೇಕು?"

"ಅಮ್ಮನಿಗೆ ಅಪ್ಪ ಎಂತ ಆಗಿದ್ರೋ ಅದೇ, ದೊಡ್ಡಮ್ಮ. ಕುಡಿಯುವುದೊಂದು ಇಲ್ಲ."

ಅವಳ ಅಪ್ಪನನ್ನು ಹೆಂಡದ ಗಡಂಗಿನಿಂದ ಹೊತ್ತು ತಂದವರಲ್ಲಿ ನಾನೂ ಒಬ್ಬಳು.

ಹೆಜಮಾಡಿಯ ಮಾತು ತೆಗೆದೆ. ಸರಸು ನನ್ನ ರವಕೆಯ ಹರಿದ ಕಂಕುಳು ನೋಡಿದಳು. ಊರಿನ ಟೈಲರ್ ಕೈ ಇಳಿಸಿ ನಿಲ್ಲಿಸಿ ಅಳತೆ ತೆಗೆಯುತ್ತಾನೆ. ಇವಳು ನನ್ನ ಬುಟ್ಟಿಯನ್ನು ನನ್ನದೇ ತಲೆಯ ಮೇಲೆ ಇಟ್ಟು, ಎರಡೂ ಕೈಯಲ್ಲಿ ಹಿಡಿಸಿ, ಹಾಗೇ ಅಳತೆ ತೆಗೆದಳು. ಅಂಗಡಿಯಲ್ಲಿದ್ದ ನೀಲಿ ಬಟ್ಟೆಯನ್ನು ಲಿಲ್ಲಿ ಕತ್ತರಿಸಿ, ಕಂಕುಳಿಗೆ ಒಂದೊಂದು ತುಂಡು ಹೆಚ್ಚು ಕೊಟ್ಟು ಹೊಲಿದಳು. ಹಾಕಿಕೊಂಡು ಕೈ ಎತ್ತಿದೆ, ಇಳಿಸಿದೆ. ಎಲ್ಲೂ ಎಳೆಯಲಿಲ್ಲ. ಮೂವತ್ತು ವರ್ಷ ಬುಟ್ಟಿ ಹೊತ್ತಿದ್ದೆ, ಅಂಥ ರವಕೆ ಯಾರೂ ಹೊಲಿದು ಕೊಟ್ಟಿರಲಿಲ್ಲ. ಹೀಗೆ ಅಳತೆ ತೆಗೆಯಲು ಯಾರು ಕಲಿಸಿದ್ದು ಎಂದು ಸರಸುವನ್ನು ಕೇಳಿದೆ.

"ಬುಟ್ಟಿ ಹೊತ್ತು ಹರಿದ ಅಮ್ಮನ ರವಕೆಗೆ ತೇಪೆ ಹಾಕಿಯೇ ಅಲ್ವಾ ನಾನು ಸೂಜಿ ಹಿಡಿದದ್ದು," ಎಂದಳು ಸರಸು.

ನಿಟ್ಟೆ, ಬೆಳ್ಮಣ್, ಪಡುಬಿದ್ರಿ ದಾರಿಯಾಗಿ ಸಂಜೆಯ ಬಸ್ಸಿನಲ್ಲಿ ಒಬ್ಬಳೇ ಬಂದೆ. ಗಿರಿಜ ಬಾಗಿಲಲ್ಲಿ ನಿಂತಿದ್ದಳು.

"ಅವಳೆಲ್ಲಿ ಅಕ್ಕ?"

"ಅವಳಿಗೆ ಪುರುಸೊತ್ತಿಲ್ಲ. ಕೈ ತುಂಬ ಕೆಲಸ ಉಂಟು," ಎಂದೆ. ಶುದ್ಧ ಸುಳ್ಳು.

ಮರುದಿನ ಬೆಳಿಗ್ಗೆ ಕಡಲ ಬದಿಯಲ್ಲಿ ದೋಣಿಗೆ ಕಾಯುತ್ತಿದ್ದ ಹೆಂಗಸರ ಎದುರು ಕೈ ಎತ್ತಿ ರವಕೆ ತೋರಿಸಿದೆ. ಆ ಗಂಡ ಹೆಂಡತಿ ಹೊಲಿದದ್ದಾ ಎಂದು ಅವರಲ್ಲೊಬ್ಬಳಾದ ಸೀತು ನಕ್ಕಳು. "ಹೌದು. ನಿನ್ನ ಈ ಹರಿದ ರವಕೆ ಹೊಲಿದದ್ದು ಗಂಡಸೇ ಅಲ್ವಾ?" ಎಂದೆ. ದೋಣಿಗಳು ಆ ದಿನ ಬರಿದೇ ಬಂದವು. ಪಡುಬಿದ್ರಿಯಲ್ಲಿ ಕಾರ್ಕಳದ ಬಸ್ಸಿನ ಟಾಪಿಗೆ ಏಳು ಖಾಲಿ ಬುಟ್ಟಿ ಹಾಕಿಸಿ, ಸೀತುವನ್ನೂ ಸೇರಿಸಿ ಏಳು ಹೆಂಗಸರನ್ನು ಒಳಗೆ ಹತ್ತಿಸಿ, ನಾನು ಕೊನೆಗೆ ಹತ್ತಿದೆ.