ಹಿನಕಲ್‌ಗೆ ಹೋಗಿಬಿಟ್ಟ ಮೇಲ್

ಕೋವಿಡ್ ಕಾಲ ಕಳೆದು, ಕಾರ್ಖಾನೆಗಳೆಲ್ಲ ಮತ್ತೆ ಮೂರು ಪಾಳಿಯಲ್ಲಿ ನಡೆಯತೊಡಗಿದ್ದ ವರ್ಷ ಅದು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಮಿಕ್ಸಿಯ ಮೋಟಾರು ತಯಾರಿಸುವ ಒಂದು ಕಾರ್ಖಾನೆಯ ಸಿಸ್ಟಮ್ಸ್ ವಿಭಾಗದಲ್ಲಿ ನಾನಾಗ ಹಿರಿಯ ಅಧಿಕಾರಿ. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿತ್ತು. ಹಿರಿಯ ಅಧಿಕಾರಿ ಎಂದರೆ ದೊಡ್ಡದೇನೋ ಅಂದುಕೊಳ್ಳಬೇಡಿ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಪಾಸ್‌ವರ್ಡ್ ಮರೆತರೂ ನಾನೇ, ಮೌಸು ಅಲ್ಲಾಡದಿದ್ದರೂ ನಾನೇ. ಒಂಟಿಕೊಪ್ಪಲಿನಿಂದ ಬಸ್ಸಿನಲ್ಲಿ ಬಂದು ಗೇಟಿನೊಳಗೆ ಕಾಲಿಡುವಷ್ಟರಲ್ಲಿ ಯಾರಾದರೊಬ್ಬರು, ಕಂಪ್ಯೂಟರ್ ಏನೋ ಮಾಡಿಬಿಟ್ಟಿದೆ ಮೇಡಂ ಎನ್ನುತ್ತಾ ಎದುರಾಗುತ್ತಿದ್ದರು. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಂಪ್ಯೂಟರು ತಾನಾಗಿ ಏನೂ ಮಾಡುವುದಿಲ್ಲ, ನೀವು ಹೇಳಿದ್ದನ್ನು ಮಾಡುತ್ತದೆ ಅಷ್ಟೆ ಎಂದು ಸರ್ವೀಸಿನುದ್ದಕ್ಕೂ ಗದರಿಕೊಂಡೇ ಬಂದವಳು ನಾನು.

ಒಂದು ಬೆಳಿಗ್ಗೆ ಹಾಗೆ ಎದುರಾದವನು ಖರೀದಿ ವಿಭಾಗದ ಲೋಕೇಶ್. ನಮ್ಮಲ್ಲಿಗೆ ಬಂದು ಆಗಿನ್ನೂ ಕೆಲವು ತಿಂಗಳಾಗಿತ್ತು. ಎರಡು ಮಕ್ಕಳ ತಂದೆ, ಪಾಪದ ಮನುಷ್ಯ, ಜೋರಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಅವತ್ತು ಮುಖ ಬಾಡಿಹೋಗಿತ್ತು. ಮೋಟಾರುಗಳನ್ನು ತುಂಬಿ ಕಳಿಸುವ ರಟ್ಟಿನ ಪೆಟ್ಟಿಗೆಗಳಿಗೆ ನಾವು ಕಾರ್ಟನ್ ಎನ್ನುತ್ತೇವೆ. ಸ್ಟೋರ್ಸಿನಲ್ಲಿ ಎರಡು ದಿನಕ್ಕಾಗುವಷ್ಟು ಕಾರ್ಟನ್ ಮಾತ್ರ ಉಳಿದಿತ್ತಂತೆ. ಸರಬರಾಜು ಮಾಡುವ ಕಂಪನಿಗೆ ಫೋನ್ ಹಚ್ಚಿದರೆ, ನಿಮ್ಮ ಮೇಲ್ ನಮಗೆ ಬಂದೇ ಇಲ್ಲವಲ್ಲ ಎಂದರಂತೆ. ಕಳಿಸಿ ವಾರವಾಯಿತು, ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದು ಲೋಕೇಶನ ಗೋಳು.

ಹೋಗಿ ನೋಡಿದೆ. ಮೇಲ್ ಎಲ್ಲೂ ಕಳೆದುಹೋಗಿರಲಿಲ್ಲ. ಠಾಕುಠೀಕಾಗಿ ತಲುಪಿತ್ತು, ಆದರೆ ಬೇರೆಯವರಿಗೆ. ಹಿನಕಲ್‌ನ ರತ್ನಮ್ಮ ಎಂಬಾಕೆಗೆ.

ರತ್ನಮ್ಮನನ್ನು ನಾನು ಬಲ್ಲೆ. ಮನೆಗೆ ಅಂಟಿಕೊಂಡಂತೆ ಒಂದು ಶೀಟಿನ ಶೆಡ್ಡು, ಅದರಲ್ಲಿ ರಟ್ಟಿಗೆ ಪಿನ್ನು ಹೊಡೆಯುವ ಮಷೀನು, ಕೆಲಸಕ್ಕೆ ಇಬ್ಬರು ಹೆಂಗಸರು. ಕೋವಿಡ್‌ಗೆ ಮುಂಚೆ ನಮ್ಮ ಕಾರ್ಟನ್‌ಗಳೆಲ್ಲ ಅಲ್ಲಿಂದಲೇ ಬರುತ್ತಿದ್ದವು. ಟೆಂಪೋದಲ್ಲಿ ಮುಂದೆ ತಾನೇ ಕೂತು, ಸೆರಗು ಸಿಕ್ಕಿಸಿಕೊಂಡು, ಇಳಿಸುವವರ ಜೊತೆ ಜಗಳವಾಡುತ್ತಾ ಲೆಕ್ಕ ಒಪ್ಪಿಸಿ ಹೋಗುತ್ತಿದ್ದಳು. ಲಾಕ್‌ಡೌನಿನಲ್ಲಿ ಎಲ್ಲ ನಿಂತಿತು. ಮತ್ತೆ ಶುರುವಾದಾಗ ಆಡಳಿತದವರು ಒಂದು ದೊಡ್ಡ ಕಂಪನಿಯನ್ನು ಗೊತ್ತುಮಾಡಿದರು. ಸರಬರಾಜುದಾರರ ಪಟ್ಟಿಯಿಂದ ರತ್ನಮ್ಮನ ಹೆಸರು ಹೋಯಿತು. ಆಕೆಗೆ ಒಂದು ಮಾತು ಹೇಳಿದವರೂ ಇರಲಿಲ್ಲ. ಆರ್ಡರ್ ಬರುವುದು ನಿಂತಿತು, ಆಕೆ ಅರ್ಥಮಾಡಿಕೊಂಡಳು.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಇಮೇಲ್ ಪ್ರೋಗ್ರಾಮಿನಲ್ಲಿ ವಿಳಾಸ ಬರೆಯುವ ಜಾಗದಲ್ಲಿ ನೀವು ಒಂದೆರಡು ಅಕ್ಷರ ಒತ್ತುತ್ತಲೇ, ಇವರಾ, ಇವರಾ ಎಂದು ಹೆಸರುಗಳು ಕೆಳಗೆ ಇಳಿದುಬರುತ್ತವಲ್ಲ, ಅದಕ್ಕೆ ಆಟೋಕಂಪ್ಲೀಟ್ ಎನ್ನುತ್ತಾರೆ. ನಾವು ಸರಬರಾಜುದಾರರ ಪಟ್ಟಿಯಿಂದ ಹೆಸರು ತೆಗೆದರೂ ಇದರಿಂದ ಹೋಗುವುದಿಲ್ಲ, ಎರಡೂ ಬೇರೆ ಬೇರೆ. ಹಿಂದೆ ಯಾರಿಗೆ ಹೆಚ್ಚು ಮೇಲ್ ಹೋಗಿದೆಯೋ ಅವರನ್ನು ಇದು ಮೇಲಕ್ಕೆ ತರುತ್ತದೆ. ಲೋಕೇಶನ ಮೇಲ್‌ಬಾಕ್ಸ್ ಆ ಹುದ್ದೆಯದ್ದು, ಅವನ ಸ್ವಂತದ್ದಲ್ಲ. ಅವನಿಗಿಂತ ಹಿಂದೆ ಅಲ್ಲಿದ್ದು ನಿವೃತ್ತರಾದವರು ವರ್ಷಗಟ್ಟಲೆ ರತ್ನಮ್ಮನಿಗೆ ಬರೆದಿದ್ದರು. ಹೊಸ ಕಂಪನಿಯ ಹೆಸರೂ ಅದೇ ಎರಡು ಅಕ್ಷರದಿಂದ ಶುರು. ಈ ಸಲ ಇವನು ಅವೆರಡನ್ನು ಒತ್ತಿದ, ಸರಿಯಾಗಿ ನೋಡದೆ ಮೇಲಿನ ಹೆಸರಿಗೆ ಎಂಟರ್ ಹೊಡೆದ, ಮುಗಿಯಿತು. ಮೇಲ್‌ನಲ್ಲಿ ಕಂಪನಿಯ ಹೆಸರೂ ಇರಲಿಲ್ಲ. ಮಾನ್ಯರೇ, ಇಷ್ಟು ಕಾರ್ಟನ್ ಬೇಕು, ಅಳತೆಯ ಡ್ರಾಯಿಂಗ್ ಲಗತ್ತಿಸಿದೆ, ಹೋದ ಸಲದ ದರವೇ ಇರಲಿ, ಬೇಗ ಕಳಿಸಿ, ಅಷ್ಟೆ.

ಆಕೆ ಉತ್ತರ ಬರೆದಿರಲಿಲ್ಲ. ಅದು ಆಕೆಯ ಪದ್ಧತಿ. ಮೇಲ್ ಹೋದರೆ ಅಲ್ಲಿಂದ ಉತ್ತರ ಬರುತ್ತಿರಲಿಲ್ಲ, ಟೆಂಪೋ ಬರುತ್ತಿತ್ತು. ಈ ಸಲವೂ ಆಕೆ ಪೆಟ್ಟಿಗೆ ಮಾಡಲು ಶುರುಮಾಡಿರಬಹುದು ಎಂದು ನನಗೆ ಆಗಲೇ ಹೊಳೆಯಿತು.

ಖರೀದಿ ವಿಭಾಗದ ಮುಖ್ಯಸ್ಥರು ಮೂರ್ತಿಯವರು. ಕೆಟ್ಟವರಲ್ಲ, ಗಡಿಬಿಡಿಯವರು. ವಿಷಯ ತಿಳಿದ ತಕ್ಷಣ ನನ್ನ ಕಡೆ ತಿರುಗಿ, ಆ ಮೇಲನ್ನು ವಾಪಸ್ ಎಳೆದುಕೊಳ್ಳಿ ಎಂದರು. ಹಾಗೊಂದು ಸೌಲಭ್ಯ ಇರುವುದು ನಿಜ. ಆದರೆ ಅದು ನಮ್ಮ ಕಚೇರಿಯೊಳಗಿನ ಮೇಲಿಗೆ, ಅದೂ ಓದದೆ ಬಿಟ್ಟಿದ್ದರೆ. ಹೊರಗಿನವರ ಕೈಸೇರಿದ್ದನ್ನು ಎಳೆದುಕೊಳ್ಳಲಿಕ್ಕೆ ನಾನೇನು ಮಂತ್ರವಾದಿಯೇ ಎಂದೆ. ಸರಿ, ಹಾಗಾದರೆ ಆ ಹೆಸರು ಮತ್ತೆ ಬರದ ಹಾಗೆ ಮಾಡಿ, ಲೋಕೇಶ್ ಒಂದು ಕ್ಯಾನ್ಸಲ್ ಮೇಲ್ ಕಳಿಸಲಿ ಎಂದು ಹೇಳಿ ಮೀಟಿಂಗಿಗೆ ಹೋದರು.

ಮೊದಲನೆಯದು ಸುಲಭ. ಅಕ್ಷರ ಒತ್ತಿ, ಹೆಸರುಗಳು ಇಳಿದಾಗ ಬಾಣದ ಕೀಲಿಯಿಂದ ಬೇಡದ ಹೆಸರಿನ ಮೇಲೆ ಬಂದು ಡಿಲೀಟ್ ಒತ್ತಬೇಕು. ಲೋಕೇಶನಿಗೆ ತೋರಿಸಿಕೊಟ್ಟೆ, ಅವನೇ ಒತ್ತಿದ. ರತ್ನಮ್ಮ ಹೋದಳು. ಹಾಗೆಯೇ ಒಂದೊಂದು ಅಕ್ಷರ ಹಿಡಿದು ಬಂದೆವು. ಎಂದೋ ಮುಚ್ಚಿಹೋದ ಅಂಗಡಿಗಳು, ಬೇರೆ ಊರಿಗೆ ವರ್ಗವಾದವರು, ಒಂದೇ ವ್ಯಕ್ತಿಯ ಮೂರು ಮೂರು ತಪ್ಪು ವಿಳಾಸಗಳು, ಎಲ್ಲವನ್ನೂ ಗುಡಿಸಿದೆವು.

ಆಮೇಲೆ ಅವನು ಕ್ಯಾನ್ಸಲ್ ಮೇಲ್ ಬರೆದ. ತಪ್ಪಾಗಿ ಕಳಿಸಲಾದ ಹಿಂದಿನ ಮೇಲನ್ನು ದಯವಿಟ್ಟು ಪರಿಗಣಿಸಬೇಡಿ. ಬರೆದು ಹಾಗೇ ಕೂತಿದ್ದ. ನಾನು ಅವನ ಭುಜದ ಮೇಲಿಂದ ಎರಡು ಸಲ ಓದಿದೆ. ನನಗದು ಸರಿಹೋಗಲಿಲ್ಲ.

"ಕಳ್ಸಬೇಡಪ್ಪ. ವಾರ ಆಗೋಗಿದೆ. ಆಯಮ್ಮ ಏನೇನು ಮಾಡ್ಕೊಂಡಿದಾಳೋ, ಮೊದಲು ನೋಡ್ಕೊಂಡು ಬರೋಣ. ಸ್ಕೂಟರ್ ತೆಗಿ."

ಅರವತ್ತರ ಹತ್ತಿರದ ಹೆಂಗಸು ಲೋಕೇಶನ ಸ್ಕೂಟರ್ ಹಿಂದೆ ಕೂತು ಹೋಗುವುದನ್ನು ನೋಡಿ ಸೆಕ್ಯೂರಿಟಿಯವನು ನಗು ತಡೆದುಕೊಂಡ. ನಗಲಿ ಬಿಡಿ. ಹೆಬ್ಬಾಳದಿಂದ ಹಿನಕಲ್ ಎಷ್ಟು ದೂರ ಮಹಾ. ದಾರಿಯುದ್ದಕ್ಕೂ ಹೇಗೆ ಹೇಳಬೇಕು ಎಂದು ಇಬ್ಬರೂ ಮಾತಾಡಿಕೊಂಡೆವು. ನಾನೇ ಹೇಳುತ್ತೇನೆ ಮೇಡಂ, ತಪ್ಪು ನನ್ನದು ಎಂದು ಲೋಕೇಶ್ ಧೈರ್ಯ ತಂದುಕೊಂಡಿದ್ದ.

ಓಣಿಗೆ ತಿರುಗುತ್ತಲೇ ಪಿನ್ನು ಹೊಡೆಯುವ ಸದ್ದು ಕೇಳಿಸಿತು. ಶೆಡ್ಡಿನ ಬಾಗಿಲಿಗೆ ಮಾವಿನೆಲೆಯ ತೋರಣ. ಒಳಗೆ ಮಷೀನಿಗೆ ಅರಿಶಿನ ಕುಂಕುಮ, ಮೇಲೆ ಕೆಂಪು ದಾಸವಾಳ. ಗೋಡೆಯ ಮೇಲೆ ಚಾಮುಂಡಮ್ಮನ ಪಟ. ಅದರ ಕೆಳಗೆ ನಮ್ಮ ಮೇಲ್. ಯಾವುದೋ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ನಾಲ್ಕು ಮೂಲೆಗೂ ಅರಿಶಿನ ಹಚ್ಚಿ ಗೋಡೆಗೆ ಅಂಟಿಸಿದ್ದಳು.

ರತ್ನಮ್ಮ ನನ್ನ ಎರಡೂ ಕೈ ಹಿಡಿದುಕೊಂಡಳು. ನೀವೇ ಬಂದುಬುಟ್ರಾ, ಎಂದು ಕುರ್ಚಿ ಒರೆಸಿ ಕೂರಿಸಿದಳು. ಮೂರು ವರ್ಷದಿಂದ ಒಂದು ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಹೋಗುತ್ತಿದ್ದಳಂತೆ. ಮೇಲ್ ನೋಡಿದ ದಿನವೇ ಅದನ್ನು ಬಿಟ್ಟಳಂತೆ. ಮೊದಲು ಇದ್ದ ಇಬ್ಬರು ಹೆಂಗಸರನ್ನೂ ಅವರವರ ಕೆಲಸ ಬಿಡಿಸಿ ಕರೆತಂದಿದ್ದಳು. ರಟ್ಟಿನ ಶೀಟು ತರಿಸಿಯಾಗಿತ್ತು. ಸಿದ್ಧವಾದ ಪೆಟ್ಟಿಗೆಗಳು ಒಂದು ಗೋಡೆ ಪೂರ್ತಿ ಒಟ್ಟಿದ್ದವು. ದರ ಎಷ್ಟಾದರೂ ಇರಲಿ, ಹೋದ ಸಲದ್ದೇ ಸಾಕು ಅಂದುಕೊಂಡೆ ಎಂದಳು. ಕಾಫಿ ಕೊಟ್ಟು ಎದುರಿಗೆ ನೆಲದ ಮೇಲೆ ಕೂತು ಹೇಳಿದಳು:

"ಅಷ್ಟು ದೊಡ್ಡ ಫ್ಯಾಕ್ಟ್ರಿ, ನಮ್ಮಂಥೋರು ಯಾವ ಲೆಕ್ಕ ಅಂತ ಸುಮ್ಮನಾಗ್ಬುಟ್ಟಿದ್ದೆ ಮೇಡಂ. ಯಾರೋ ನೆನೆಸ್ಕಂಡ್ರಲ್ಲ, ಅದೇ ದೊಡ್ಡದು ನನಗೆ."

ಲೋಕೇಶ್ ತಲೆ ತಗ್ಗಿಸಿ ಕಾಫಿ ಲೋಟವನ್ನೇ ನೋಡುತ್ತಿದ್ದ. ಅವನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ನಾನು ಹೇಳಿದೆ. ಸುತ್ತಿ ಬಳಸಿ ಮಾತಾಡುವುದು ನನಗೆ ಬರುವುದಿಲ್ಲ. ಎರಡು ಅಕ್ಷರ ಒತ್ತಿದ್ದು, ಹಳೆಯ ಹೆಸರು ಮೇಲೆ ಬಂದದ್ದು, ಬೇರೆಯವರಿಗೆ ಹೋಗಬೇಕಾದ್ದು ಇಲ್ಲಿಗೆ ಬಂದದ್ದು, ಎಲ್ಲವನ್ನೂ ಹೇಳಿದೆ.

ಆಕೆ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಒಳಗೆ ಮಷೀನಿನ ಹತ್ತಿರ ನಗುತ್ತಾ ಕೆಲಸ ಮಾಡುತ್ತಿದ್ದ ಇಬ್ಬರ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು.

"ಅಂಗಾರೆ ಯಾರೂ ನೆನೆಸ್ಕಂಡು ಕಳ್ಸಿದ್ದಲ್ವಾ?"

"ಇಲ್ಲ ರತ್ನಮ್ಮ," ಎಂದೆ.

ನಷ್ಟದ ಮಾತು ಎತ್ತಲಿಲ್ಲ, ಪೆಟ್ಟಿಗೆಗಳ ಮಾತು ಎತ್ತಲಿಲ್ಲ, ಅದೊಂದನ್ನೇ ಕೇಳಿದ್ದು. ಆ ಹೊತ್ತಿನಲ್ಲಿ ನನಗಾದ ಸಂಕಟ ಇವತ್ತಿಗೂ ಮರೆತಿಲ್ಲ.

ನಾನು ಎದ್ದು ಹೊರಗೆ ಬಂದು ಮೂರ್ತಿಯವರಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದೇನೆ ಎಂದರು. ಇರಿ, ಆದರೆ ಕೇಳಿಸಿಕೊಳ್ಳಿ ಎಂದೆ. ಹೊಸ ಕಂಪನಿಗೆ ಇವತ್ತು ಮೇಲ್ ಹೋದರೂ ಕಾರ್ಟನ್ ಬರಲು ವಾರ ಬೇಕು, ಇಲ್ಲಿ ಅರ್ಧಕ್ಕರ್ಧ ಸಿದ್ಧವಾಗಿದೆ, ನಿಮ್ಮ ಡ್ರಾಯಿಂಗಿನ ಅಳತೆಯಲ್ಲೇ, ನಿಮ್ಮ ದರದಲ್ಲೇ. ಅವರು ಪಟ್ಟಿಯಲ್ಲಿ ಹೆಸರಿಲ್ಲ, ಆಡಿಟ್‌ನವರು ಕೇಳುತ್ತಾರೆ ಎಂದೆಲ್ಲ ಶುರುಮಾಡಿದರು. ಕಳಿಸಿದ್ದು ನಿಮ್ಮ ವಿಭಾಗದ ಮೇಲ್‌ನಿಂದ, ನಂಬಿ ಕೆಲಸ ಬಿಟ್ಟವರು ಇಲ್ಲಿ ಮೂರು ಜನ ಇದ್ದಾರೆ, ಆಡಿಟ್‌ನವರಿಗೆ ಏನು ಬೇಕೋ ನಾನೇ ಬರೆದುಕೊಡುತ್ತೇನೆ ಎಂದು ನಾನೂ ದನಿ ಏರಿಸಿದೆ. ಸಿಸ್ಟಮ್ಸ್‌ನವರಿಗೆ ಖರೀದಿಯ ಉಸಾಬರಿ ಯಾಕೆ ಎಂದು ಗೊಣಗಿದರು. ಆಮೇಲೆ, ತುರ್ತು ಖರೀದಿ ಎಂದು ಬರೆಯೋಣ, ಇದೊಂದೇ ಸಲ, ಮುಂದಕ್ಕೆ ಕೇಳಬೇಡಿ ಎಂದರು. ಹೇಳಿದೆನಲ್ಲ, ಮನುಷ್ಯ ಕೆಟ್ಟವರಲ್ಲ.

ಇದೊಂದೇ ಸಲ ಎನ್ನುವುದನ್ನೂ ಮುಚ್ಚಿಡದೆ ರತ್ನಮ್ಮನಿಗೆ ತಿಳಿಸಿದೆ. ಒಪ್ಪಿದಳು. ಸೆರಗಿನಿಂದ ಮುಖ ಒರೆಸಿಕೊಂಡು, ಒಂದೇ ಒಂದು ಕೇಳಿಕೊಳ್ಳುತ್ತೇನೆ ಎಂದಳು. ಒಳಗಿರುವ ಇಬ್ಬರಿಗೆ ಈ ಆರ್ಡರ್ ಕೈತಪ್ಪಿ ಬಂದದ್ದು ಎಂದು ಗೊತ್ತಾಗಬಾರದು. ಅವರಾದರೂ ಫ್ಯಾಕ್ಟರಿಯವರು ನಮ್ಮನ್ನು ಕರೆದರು ಎಂದುಕೊಂಡಿರಲಿ. ಲೋಕೇಶ್ ಆಗ ಮೊದಲ ಸಲ ಬಾಯಿ ಬಿಟ್ಟ. ಆಯ್ತಕ್ಕ, ಎಂದ.

ಕಾರ್ಟನ್ ಬಂದವು. ಟೆಂಪೋದ ಮುಂದಿನ ಸೀಟಿನಲ್ಲಿ ಆಕೆಯೇ ಕೂತು ಬಂದಳು. ಮೋಟಾರು ತಯಾರಾಗುವ ಲೈನ್ ನಿಲ್ಲಲಿಲ್ಲ. ಎಲ್ಲರೂ ಈ ವಿಷಯ ಮರೆತರು ಎಂದೇ ನಾನು ತಿಳಿದಿದ್ದೆ.

ಆದರೆ ಲೋಕೇಶ್ ಮರೆತಿರಲಿಲ್ಲ. ಎರಡು ತಿಂಗಳಾದ ಮೇಲೆ ಬಿಡಿಭಾಗಗಳ ವಿಭಾಗಕ್ಕೆ ಚಿಕ್ಕ ಪೆಟ್ಟಿಗೆಗಳು ಬೇಕಾದವು. ದೊಡ್ಡ ಕಂಪನಿಯವರಿಗೆ ಅಷ್ಟು ಸಣ್ಣ ಕೆಲಸ ಬೇಕಿರಲಿಲ್ಲ. ಇವನು ಯಾರಿಗೂ ಹೇಳದೆ ಓಡಾಡಿ, ಬೇಕಾದ ದಾಖಲೆಗಳನ್ನೆಲ್ಲ ಹೊಂದಿಸಿ, ಮೂರ್ತಿಯವರ ಸಹಿ ಹಾಕಿಸಿಕೊಂಡು ರತ್ನಮ್ಮನ ಹೆಸರನ್ನು ಮತ್ತೆ ಸರಬರಾಜುದಾರರ ಪಟ್ಟಿಗೆ ಸೇರಿಸಿದ್ದ. ಒಂದು ಮಧ್ಯಾಹ್ನ ನನ್ನ ಟೇಬಲ್ ಹತ್ತಿರ ಬಂದು, ಆರ್ಡರ್ ಕಳಿಸಿದೆ ಮೇಡಂ, ಎಂದಷ್ಟೇ ಹೇಳಿ ಹೋದ.

ಯಂತ್ರದ ಪಟ್ಟಿಯಲ್ಲಿ ಒಬ್ಬರ ಹೆಸರು ಮೇಲೆ ಬಂದರೆ ಅದು ಬರೀ ಅಭ್ಯಾಸ, ನೆನಪಲ್ಲ. ನೆನೆಸಿಕೊಳ್ಳುವ ಕೆಲಸವನ್ನು ಯಾರಾದರೂ ಕೂತು ಮಾಡಬೇಕು. ಇಷ್ಟು ವರ್ಷ ಕಂಪ್ಯೂಟರ್ ಮುಂದೆ ಕೂತು ನಾನು ಕಲಿತದ್ದು ಇದು, ಕಲಿತದ್ದು ಕೊನೆಯ ವರ್ಷದಲ್ಲಿ.

ಅವತ್ತು ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ರತ್ನಮ್ಮನ ಫೋನ್ ಬಂತು. ಮೇಲ್ ಬಂದಿದೆ, ಆದರೆ ಇನ್ನೂ ಶೀಟು ತರಿಸಿಲ್ಲ, ಯಾರಿಗೂ ಹೇಳಿಯೂ ಇಲ್ಲ ಎಂದಳು. ಆಮೇಲೆ ಕೇಳಿದಳು.

"ಇದು ನಮಗೇ ಬಂದಿರೋದಾ ಮೇಡಂ?"

"ನಿಮಗೇ ಕಣಮ್ಮ. ಕಂಪ್ಯೂಟರಿಂದ ನಿಮ್ಮ ಹೆಸರು ಅವತ್ತೇ ಅಳಿಸಿದ್ವಿ, ಇನ್ನು ಅದು ತಾನಾಗಿ ಮೇಲೆ ಬರಲ್ಲ. ಲೋಕೇಶ ಈ ಸಲ ನಿಮ್ಮ ವಿಳಾಸನ ಒಂದೊಂದು ಅಕ್ಷರನೂ ತಾನೇ ಬರೆದು ಕಳ್ಸಿರೋದು."